ಲೇಖಕಿಯ ಕೋರಿಕೆಯ ಮೇರೆಗೆ

ಜೂನ್ ೪

ಮಾನ್ಯರೇ,

ನಮ್ಮ ವಿಶ್ವವಿದ್ಯಾಲಯದ ಸಂಶೋಧನೆಗೆ ಹಣ ಕೊಡುವ ಅನುದಾನ ಸಂಸ್ಥೆ ಈ ವರ್ಷ ಹೊಸ ನಿಯಮ ತಂದಿದೆ. ಅದರ ನೆರವಿನಿಂದ ನಡೆದ ಯಾವ ಸಂಶೋಧನೆಯೂ ಬೀರುವಿನಲ್ಲಾಗಲಿ, ಚಂದಾ ಕಟ್ಟಿದವರಿಗೆ ಮಾತ್ರ ಸಿಗುವ ಪತ್ರಿಕೆಯಲ್ಲಾಗಲಿ ಉಳಿಯಬಾರದು. ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ಉಚಿತವಾಗಿ ಓದುವಂತಿರಬೇಕು. ಹಳೆಯ ಮಹಾಪ್ರಬಂಧಗಳಿಗೂ ಇದು ಅನ್ವಯಿಸುತ್ತದೆ. ಡಿಸೆಂಬರ್ ಒಳಗೆ ಈ ಕೆಲಸ ಮುಗಿಯದಿದ್ದರೆ ಮುಂದಿನ ಅನುದಾನ ನಿಲ್ಲುತ್ತದೆ.

ಇಪ್ಪತ್ಮೂರು ವರ್ಷಗಳ ಹಿಂದೆ ತಾವು ಸಲ್ಲಿಸಿದ, ಕಲ್ಲು ಪಾಲಿಶ್ ಶೆಡ್ಡುಗಳ ಧೂಳನ್ನು ಕುರಿತ ಮಹಾಪ್ರಬಂಧ ನಮ್ಮ ಪಟ್ಟಿಯಲ್ಲಿದೆ. ಇದರೊಂದಿಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಮರಳಿ ಕಳುಹಿಸಬೇಕಾಗಿ ವಿನಂತಿ.

ಉಪಗ್ರಂಥಪಾಲಕಿ

ಅಕ್ಕ, ಮೇಲಿನದು ಕಚೇರಿಯ ಭಾಷೆ, ಇದು ನನ್ನದು. ಹಾಸ್ಟೆಲ್ಲಿನ ಹದಿನಾಲ್ಕನೇ ಕೋಣೆಯಲ್ಲಿ ಕಿಟಕಿ ಪಕ್ಕದ ಮಂಚದವಳು ಬರೆಯುತ್ತಿದ್ದೇನೆ. ದಿನವಿಡೀ ಗ್ರಂಥಾಲಯದ ಕೌಂಟರಿನಲ್ಲಿ ಬಾಯಿಮುಚ್ಚಿ ಕೂತು ಸಂಜೆ ನಿನ್ನ ತಲೆ ತಿನ್ನುತ್ತಿದ್ದವಳು, ಅದಕ್ಕೇ ನೀನು ಮೌನಿ ಅಂತ ಹೆಸರಿಟ್ಟವಳು. ನಿನ್ನ ವಿಳಾಸ ಹುಡುಕುವುದರಲ್ಲಿ ಸಾಕುಸಾಕಾಯಿತು. ಕೊನೆಗೆ ನೀನು ಪಾಠ ಹೇಳುವ ಶಾಲೆಯವರು ಕೊಟ್ಟರು. ನಿನ್ನ ಪ್ರಬಂಧ ಹಳೇ ಬೀರುವಿನಲ್ಲಿ ಎಲ್ಲೋ ಸೇರಿಹೋಗಿತ್ತು. ಸಹಿ ಮಾಡಿ ಕಳಿಸಿಬಿಡು. ಭಾನುವಾರ ಭಾನುವಾರ ಹಾಸ್ಟೆಲ್ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದನಲ್ಲ ನಿನ್ನ ತಮ್ಮ, ಹೇಗಿದ್ದಾನೆ?

ಮೌನಿ


ಜೂನ್ ೧೯

ಮೌನಿ,

ಕವರಿನ ಮೇಲೆ ವಿಶ್ವವಿದ್ಯಾಲಯದ ಮುದ್ರೆ ನೋಡಿ, ಡಿಗ್ರಿ ವಾಪಸ್ ಕೇಳುತ್ತಿದ್ದಾರೇನೋ ಅಂದುಕೊಂಡೆ. ಕೊನೆಯಲ್ಲಿ ನಿನ್ನ ಕೋಳಿಕಾಲು ಅಕ್ಷರ ಕಂಡಾಗ ಶಿಕ್ಷಕರ ಕೋಣೆಯಲ್ಲೇ ನಕ್ಕುಬಿಟ್ಟೆ. ಪಕ್ಕದ ಚರಿತ್ರೆ ಮೇಷ್ಟ್ರು, "ಏನ್ ಮೇಡಂ, ಲಾಟರಿ ಹೊಡೀತಾ?" ಅಂದರು.

ನಾನು ಚೆನ್ನಾಗಿದ್ದೇನೆ. ಏಳು, ಎಂಟು, ಒಂಬತ್ತನೇ ತರಗತಿಗೆ ವಿಜ್ಞಾನ. ತಲೆಯಲ್ಲಿ ಈಗ ಕಲ್ಲಿನ ಧೂಳಿಲ್ಲ, ಸೀಮೆಸುಣ್ಣದ್ದು. ಧೂಳಕ್ಕ ಅಂತ ನೀವೆಲ್ಲ ಕರೆಯುತ್ತಿದ್ದಿರಲ್ಲ, ಆ ಹೆಸರಿಗೆ ಮೋಸವಾಗಿಲ್ಲ.

ಪ್ರಬಂಧದ ಮಾತು ಬಿಡು ಕಣೇ. ಅದನ್ನು ಯಾರು ಓದುತ್ತಾರೆ? ಮೊದಮೊದಲು ನನಗೂ ಹುಚ್ಚು ಆಸೆಯಿತ್ತು. ವಿಶ್ವವಿದ್ಯಾಲಯದ ಕಡೆಯಿಂದ ಬಂದವರನ್ನೆಲ್ಲ ನಿಲ್ಲಿಸಿ ನನ್ನ ಪ್ರಬಂಧ ಯಾರಾದರೂ ಕೇಳಿದ್ದರಾ ಅಂತ ವಿಚಾರಿಸುತ್ತಿದ್ದೆ. ಒಂದು ಸಲ ನಿಮ್ಮ ಗ್ರಂಥಾಲಯಕ್ಕೇ ಪತ್ರ ಹಾಕಿದ್ದೆ. ಉತ್ತರ ಬರಲಿಲ್ಲ. ಬರದಿರುವುದೇ ಉತ್ತರ ಅಂದುಕೊಂಡು ಸುಮ್ಮನಾದೆ. ವೈವಾ ಮುಗಿದ ದಿನ ಗೈಡ್ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಡಿಗ್ರಿಗೆ ಸಾಕಮ್ಮ. ಹೊರಗಿನವರಿಗೆ ತೋರಿಸೋವಷ್ಟು ಗಟ್ಟಿ ಇಲ್ಲ."

ಆದ್ದರಿಂದ ಸಹಿ ಮಾಡುವುದಿಲ್ಲ. ಕೋಪ ಮಾಡಿಕೊಳ್ಳಬೇಡ. ನನ್ನ ತಪ್ಪು ಲೆಕ್ಕಗಳನ್ನು ಈ ವಯಸ್ಸಿನಲ್ಲಿ ಲೋಕದ ಮುಂದೆ ಹರವುವುದು ಬೇಡ. ಮಲಗಿದೆ, ಮಲಗಿರಲಿ.

ನಿನ್ನ ಧೂಳಕ್ಕ


ಜುಲೈ ೨

ಅಕ್ಕ,

ನೀನು ಹೀಗೆ ಹೇಳಿದರೆ ನನ್ನ ಗತಿಯೇನು? ಇನ್ನೂರ ಹದಿನಾಲ್ಕು ಪ್ರಬಂಧಗಳಲ್ಲಿ ಇನ್ನೂರ ಎಂಟು ಆಗಿವೆ. ನಿರ್ದೇಶಕರು ದಿನಾ ಬೆಳಗ್ಗೆ ಬಂದು, ಮದುವೆ ಮನೆಯಲ್ಲಿ ಊಟಕ್ಕೆ ಎಷ್ಟು ಜನ ಅಂತ ಕೇಳುವ ಹಾಗೆ, "ಎಷ್ಟಾಯ್ತು?" ಅನ್ನುತ್ತಾರೆ.

ಇಲ್ಲಿಯ ಗಲಾಟೆ ನೀನು ನೋಡಬೇಕಿತ್ತು. ಓದುವ ಕೋಣೆಯ ಮೂಲೆಯಲ್ಲಿ ಎರಡು ಸ್ಕ್ಯಾನರ್ ಇಟ್ಟಿದ್ದಾರೆ. ಹಳೇ ಪುಟ ತಿರುಗಿಸಿ ತಿರುಗಿಸಿ ನನ್ನ ಬೆರಳತುದಿ ಒಡೆದಿದೆ. ಹೊಸ ಲೇಖನಗಳದ್ದು ಇನ್ನೊಂದು ರಾಮಾಯಣ. ಪತ್ರಿಕೆಯವರು ಅವನ್ನು ಎಲ್ಲರಿಗೂ ತೆರೆದಿಡಲು ಶುಲ್ಕ ಕೇಳುತ್ತಾರೆ. ರಸಾಯನಶಾಸ್ತ್ರದ ಪ್ರೊಫೆಸರ್ ಮೊನ್ನೆ ಸಭೆಯಲ್ಲಿ, "ಬರೆಯೋರೂ ನಾವೇ, ತಿದ್ದೋರೂ ನಾವೇ, ಕೊಂಡು ಓದೋರೂ ನಾವೇ. ಈಗ ಬೀಗ ತೆಗೆಯೋಕೂ ನಾವೇ ಕೊಡ್ಬೇಕಾ?" ಅಂದರು. ತತ್ವಶಾಸ್ತ್ರದವರ ಗೋಳು ಬೇರೆ: "ನನ್ನ ಲೇಖನ ಓದೋರು ಲೋಕದಲ್ಲಿ ನಾಲ್ಕೇ ಜನ. ಅದರಲ್ಲಿ ಇಬ್ಬರ ಹತ್ರ ಮಾತು ಬಿಟ್ಟಿದೀನಿ. ಇನ್ಯಾರಿಗಮ್ಮ ತೆರೆದಿಡ್ಲಿ?" ಕೊನೆಗೆ ಎಲ್ಲರೂ ದಾರಿಗೆ ಬಂದರು. ಅಚ್ಚಿಗೆ ಹೋಗುವ ಮುಂಚಿನ ಪ್ರತಿಯನ್ನು ನಮಗೆ ಕಳಿಸಿದರೆ ನಾವೇ ವೆಬ್‌ಸೈಟಿಗೆ ಏರಿಸುತ್ತೇವೆ.

ಅಕ್ಕ, ಕಳೆದ ವಾರ ನಿನ್ನ ಪ್ರಬಂಧ ಓದಿದೆ. ಮೊದಲನೇ ಸಲ. ನಾನು ವಿಜ್ಞಾನದವಳಲ್ಲ, ಆದರೂ ತಿರುಗುವ ಚಕ್ರದ ಮೇಲೆ ನೀರು ಹನಿಸಿದರೆ ಧೂಳು ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಅನ್ನುವುದು ನನಗೂ ತಿಳಿಯಿತು. ಪರಿಸರ ವಿಭಾಗದ ಹೊಸ ಮೇಡಂಗೆ ತೋರಿಸಿದೆ. ಅವರು ಒಂದು ದಿನ ಇಟ್ಟುಕೊಂಡು, "ಇದು ಇಷ್ಟು ದಿನ ಎಲ್ಲಿತ್ತು?" ಅಂದರು. ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ. ದಯವಿಟ್ಟು ಸಹಿ ಮಾಡು.

ತಮ್ಮನ ವಿಷಯ ನೀನು ಬರೆಯಲೇ ಇಲ್ಲ. ಮದುವೆ ಆಯಿತಾ? ಮಕ್ಕಳೆಷ್ಟು?

ಮೌನಿ


ಜುಲೈ ೨೦

ಮೌನಿ,

ಮೊದಲನೇ ಸಲ ಅಂದೆಯಲ್ಲ, ಅದನ್ನು ಎರಡು ಸಲ ಓದಿದೆ. ಇಪ್ಪತ್ಮೂರು ವರ್ಷ ನೀನು ಕೂತ ಕುರ್ಚಿಯಿಂದ ಆ ಕಪಾಟಿಗೆ ಹತ್ತು ಹೆಜ್ಜೆ. ಆಡಿಕೊಳ್ಳುತ್ತಿಲ್ಲ. ನನ್ನ ಮಂಚದ ಪಕ್ಕ ಮಲಗಿದವಳೇ ಓದದ ಮೇಲೆ ಊರವರನ್ನು ಏನನ್ನುವುದು.

ಇರಲಿ. ನಿನ್ನ ನಿರ್ದೇಶಕರ ಊಟದ ಎಲೆ ಲೆಕ್ಕಕ್ಕೆ ನನ್ನದೂ ಒಂದು ಸೇರಲಿ ಅಂತ ಸಹಿ ಮಾಡಿದ್ದೇನೆ. ಆ ಹೊಸ ಮೇಡಂ ನಿಜವಾಗಿ ಹಾಗಂದರಾ? ನನ್ನ ಮನಸ್ಸಿಗೆ ಹಿತವಾಗಲಿ ಅಂತ ನೀನು ಕಟ್ಟಿದ್ದಲ್ಲ ತಾನೇ?

ಸಹಿ ಮಾಡುವಾಗ ಫಾರ್ಮ್ ಪೂರ್ತಿ ಓದಿದೆ. ಮೇಷ್ಟ್ರ ಚಾಳಿ. ಕೆಳಗೆ ಸಣ್ಣ ಅಕ್ಷರದಲ್ಲಿ ನಿಮ್ಮ ಹಳೇ ದಾಖಲೆಯ ಸಾಲು ಅಚ್ಚಾಗಿದೆ: "ಓದುಗರಿಗೆ ನಿರ್ಬಂಧ: ಮೂರು ವರ್ಷ. ಲೇಖಕಿಯ ಕೋರಿಕೆಯ ಮೇರೆಗೆ." ಇದೇನಿದು? ನಾನು ಯಾವ ಕೋರಿಕೆಯನ್ನೂ ಕೊಟ್ಟಿಲ್ಲ. ಬೇರೆಯವರದ್ದು ನನ್ನ ಹೆಸರಿಗೆ ಅಂಟಿಕೊಂಡಿದೆಯಾ, ನೋಡು.

ತಮ್ಮನ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ಧೂಳಕ್ಕ


ಆಗಸ್ಟ್ ೫

ಅಕ್ಕ,

ಒಪ್ಪಿಗೆ ಪತ್ರ ತಲುಪಿತು. ತುಂಬ ಉಪಕಾರವಾಯಿತು. ನೀನು ಕೇಳಿದ ಸಾಲು ಹಳೇ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಏರಿಸುವಾಗ ಆದ ಎಡವಟ್ಟಿರಬೇಕು. ವಿಚಾರಿಸುತ್ತೇನೆ. ಇಲ್ಲಿ ವಿಪರೀತ ಮಳೆ. ಸ್ಕ್ಯಾನರ್ ಕೆಟ್ಟಿದೆ. ಕೆಲಸದ ಒತ್ತಡದಿಂದ ಹೆಚ್ಚು ಬರೆಯಲಾಗುತ್ತಿಲ್ಲ.

ಮೌನಿ


ಸೆಪ್ಟೆಂಬರ್ ೧೦

ಅಕ್ಕ,

ನೀನು ಉತ್ತರ ಬರೆಯಲಿಲ್ಲ. ಹಿಂದಿನ ಪತ್ರ ಟಪಾಲಿಗೆ ಹಾಕುವಾಗಲೇ ನೀನು ನಂಬುವುದಿಲ್ಲ ಅಂತ ಗೊತ್ತಿತ್ತು. ಅದು ಕಂಪ್ಯೂಟರಿನ ಎಡವಟ್ಟಲ್ಲ. ಆ ಸಾಲು ಬರೆದವಳು ನಾನು.

ನೀನು ಪ್ರಬಂಧ ಒಪ್ಪಿಸಿ ಊರಿಗೆ ಹೋದ ಮೂರನೇ ವಾರ. ಮಧ್ಯಾಹ್ನ ಕೌಂಟರಿನಲ್ಲಿ ನಾನೊಬ್ಬಳೇ ಇದ್ದೆ. ನಿನ್ನ ಗೈಡ್ ಬಂದು ಪ್ರಬಂಧವನ್ನು ಕೌಂಟರ್ ಮೇಲಿಟ್ಟರು. "ಇದನ್ನ ಮೂರು ವರ್ಷ ಒಳಗಿಡಮ್ಮ. ಶೆಡ್ ಮಾಲೀಕರ ಸಂಘದವರು ನಮ್ಮ ಲ್ಯಾಬಿಗೆ ಒಂದು ಯಂತ್ರ ಕೊಟ್ಟಿದಾರೆ, ಇನ್ನೊಂದು ಕೊಡೋರಿದಾರೆ. ಈಗಲೇ ಇದು ಕಣ್ಣಿಗೆ ಬೀಳೋದು ಬೇಡ," ಅಂದರು.

ನಾನು, "ಸರ್, ಬರೆದವರು ಕೇಳಿದ್ರೆ ಮಾತ್ರ ಒಳಗಿಡಬಹುದು, ನಿಯಮ ಹಾಗಿದೆ," ಅಂದೆ. ಅಷ್ಟು ಅಂದೆ ಅಕ್ಕ. ಅಷ್ಟಕ್ಕೇ ನಿಲ್ಲಬೇಕಿತ್ತು.

"ಅವಳೇ ಕೇಳಿದಾಳೆ ಅಂತ ಬರ್ಕೋ. ಸಹಿ ಆಮೇಲೆ ಕಳಿಸ್ತೀನಿ. ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ ಅಲ್ವಾ? ಆಯ್ಕೆ ಸಮಿತೀಲಿ ನಾನಿದೀನಿ," ಅಂದರು. ಗದರಿಸಲಿಲ್ಲ. ಮಗಳಿಗೆ ಹೇಳುವ ಹಾಗೆ ಹೇಳಿದರು.

ಬರೆದೆ. ಸಹಿ ಎಂದೂ ಬರಲಿಲ್ಲ, ನಾನೂ ಕೇಳಲಿಲ್ಲ. ಒಂದೂವರೆ ತಿಂಗಳಿಗೆ ನನ್ನ ಕೆಲಸ ಕಾಯಂ ಆಯಿತು. ನಿನಗೆ ಕಾರ್ಡು ಬರೆದಿದ್ದೆ. ಶಹಭಾಸ್ ಅಂತ ನೀನು ಮರುಟಪಾಲಿಗೆ ಉತ್ತರ ಹಾಕಿದ್ದೆ.

ಎರಡನೇ ವರ್ಷ ನಿನ್ನ ಪತ್ರ ಗ್ರಂಥಾಲಯಕ್ಕೆ ಬಂತು, ಯಾರಾದರೂ ಓದಿದರಾ ಅಂತ. ಒಡೆದವಳು ನಾನೇ. ನನ್ನ ಮೇಜಿನ ಕೆಳಗಿನ ಖಾನೆಯಲ್ಲಿಟ್ಟೆ. ಅದೇ ವರ್ಷ ಶೆಡ್ಡುಗಳ ಬೀದಿಯ ಕ್ಲಿನಿಕ್ಕಿನಿಂದ ಒಬ್ಬ ಡಾಕ್ಟರು ನಿನ್ನ ಪ್ರಬಂಧ ಕೇಳಿಕೊಂಡು ಎರಡು ಸಲ ಬಂದರು. ಎರಡು ಸಲವೂ ಲಭ್ಯವಿಲ್ಲ ಅಂದೆ. ಎರಡನೇ ಸಲ ಅವರು ಹೊರಗೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಹೋದರು.

ಮೂರು ವರ್ಷ ಮುಗಿದಾಗ ತೆಗೆದು ಕಪಾಟಿನಲ್ಲಿ ಇಡಬೇಕಿತ್ತು. ಇಟ್ಟರೆ ರಿಜಿಸ್ಟರಿನ ಆ ಸಾಲನ್ನು ಯಾರಾದರೂ ನೋಡಿಯಾರು, ಸಹಿಯೆಲ್ಲಿ ಅಂತ ಕೇಳಿಯಾರು ಅಂತ ಹೆದರಿ ಮುಂದೂಡಿದೆ. ಆಮೇಲೆ ಮುಂದೂಡುವುದೇ ರೂಢಿಯಾಯಿತು. ಮೊದಲನೇ ಸಲ ಓದಿದೆ ಅಂದದ್ದು ನಿಜ. ಅಷ್ಟು ವರ್ಷ ಓದಲು ಧೈರ್ಯವಿರಲಿಲ್ಲ.

ನಿನ್ನ ಪ್ರಬಂಧವನ್ನು ಯಾರೂ ಕೇಳಲಿಲ್ಲ ಅನ್ನುವುದು ಸುಳ್ಳು. ಕೇಳಿದವರಿಗೆ ನಾನು ಕೊಡಲಿಲ್ಲ. ಅದು ಚೆನ್ನಾಗಿದೆ ಅಂತ ನಿನಗೆ ತಿಳಿದರೆ ಸ್ವಲ್ಪವಾದರೂ ಸಮಾಧಾನವಾಗಬಹುದು ಅಂತ ಬರೆಯುತ್ತಿದ್ದೇನೆ.

ಮೌನಿ


ಸೆಪ್ಟೆಂಬರ್ ೨೮

ಉಪಗ್ರಂಥಪಾಲಕಿಯವರಿಗೆ,

ನಿಮ್ಮ ಪತ್ರ ಬಂತು.

ನನ್ನ ತಮ್ಮನ ಬಗ್ಗೆ ಎರಡು ಸಲ ಕೇಳಿದ್ದೀರಿ. ಅವನು ತೀರಿಕೊಂಡು ಒಂಬತ್ತು ವರ್ಷವಾಯಿತು. ಆಗ ಅವನಿಗೆ ನಲವತ್ತೊಂದು. ಕೊನೆಯ ಎರಡು ವರ್ಷ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ.

ಅವನು ಪಾಲಿಶ್ ಚಕ್ರದ ಮೇಲೆ ಕೆಲಸ ಮಾಡುತ್ತಿದ್ದದ್ದು ನಿಮಗೆ ಗೊತ್ತಿರಲಿಲ್ಲ. ಹಾಸ್ಟೆಲ್ಲಿನಲ್ಲಿ ನಾನು ಹೇಳಿರಲಿಲ್ಲ, ನಾಚಿಕೆಯಿತ್ತು. ಅವನ ದುಡಿಮೆಯಲ್ಲಿ ನಾನು ಓದಿದೆ. ಭಾನುವಾರ ಗೇಟಿನ ಹತ್ತಿರ ಬರುತ್ತಿದ್ದದ್ದು ಶೆಡ್ಡಿನ ಧೂಳು ಹಿಡಿದಿಟ್ಟ ಸೋಸುಕಾಗದಗಳ ಡಬ್ಬಿಯನ್ನು ಕೊಡಲು. ಪ್ರಬಂಧದಲ್ಲಿ 'ಮೂರನೇ ಶೆಡ್, ಎರಡನೇ ಚಕ್ರ' ಅಂತ ಇರುವುದು ಅವನ ಚಕ್ರ. ಆಸ್ಪತ್ರೆಯ ಖಾಲಿ ಗ್ಲುಕೋಸ್ ಬಾಟಲಿ, ನಳಿಗೆ ಕಟ್ಟಿ ನೀರು ಹನಿಯುವ ಹಾಗೆ ಇಬ್ಬರೂ ಸೇರಿ ಮಾಡಿದ್ದೆವು.

ನನ್ನ ವೈವಾ ಆದ ಮೇಲೆ ಮಾಲೀಕರು ಅದನ್ನು ಕಿತ್ತು ಹಾಕಿಸಿದರು. ನೀರು ಬಿದ್ದರೆ ಕೆಲಸ ನಿಧಾನ ಅಂತ. ತಮ್ಮ ಮನೆಗೆ ಬಂದು, "ಅಕ್ಕ, ಅದು ನಿಜವಾಗ್ಲೂ ಬೇಕಾ? ಬೇಕೇ ಬೇಕು ಅಂತ ನೀನು ಹೇಳು, ನಾನು ಜಗಳ ಆಡ್ತೀನಿ. ನನ್ನ ಜೊತೆ ಇನ್ನೂ ಆರು ಜನ ನಿಲ್ತಾರೆ," ಅಂದ. ನಾನು, "ಬಿಡೋ. ನನ್ನ ಲೆಕ್ಕ ಅಷ್ಟು ಗಟ್ಟಿ ಇಲ್ವಂತೆ. ಅದಕ್ಕೋಸ್ಕರ ಕೆಲಸ ಕಳ್ಕೋಬೇಡ," ಅಂದೆ. ಅವನು ಸರಿ ಅಂದ. ಅಕ್ಕ ಓದಿದವಳು, ಅಕ್ಕನಿಗೆ ಗೊತ್ತಿರುತ್ತದೆ.

ಅವನು ಹೋದ ಮೇಲೆ ನಾನು ಬದುಕಿದ್ದು ಒಂದೇ ನಂಬಿಕೆಯ ಮೇಲೆ. ಆ ಲೆಕ್ಕ ನಿಜವಾಗಿಯೂ ಗಟ್ಟಿಯಿರಲಿಲ್ಲ, ಇದ್ದಿದ್ದರೆ ಯಾರಾದರೂ ಒಬ್ಬರು ಓದಿ ಹೇಳುತ್ತಿದ್ದರು, ನೀರು ಹನಿಸಿದ್ದರೂ ಅವನು ಉಳಿಯುತ್ತಿರಲಿಲ್ಲ ಅಂತ. ನೀವು ಸಮಾಧಾನ ಅಂತ ಬರೆದದ್ದು ಅದನ್ನೇ ಕಿತ್ತುಕೊಂಡಿತು.

ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ತೆರೆಯಿರಿ. ಪತ್ರ ಬರೆಯಬೇಡಿ.


ನವೆಂಬರ್ ೧೪

ಅಕ್ಕ,

ಬರೆಯಬೇಡ ಅಂದಿದ್ದೀಯ. ಒಂದೂವರೆ ತಿಂಗಳು ಬರೆಯಲಿಲ್ಲ. ಈಗಲೂ ಕ್ಷಮೆ ಕೇಳಲು ಬರೆಯುತ್ತಿಲ್ಲ. ಕೇಳುವ ಮುಖ ನನಗಿಲ್ಲ. ನಡೆದದ್ದು ನಿನಗೆ ಗೊತ್ತಿರಬೇಕು, ಒಂದು ಅಪ್ಪಣೆಯೂ ಬೇಕು, ಅದಕ್ಕೆ.

ನಿನ್ನ ಪತ್ರ ಬಂದ ವಾರ ಗೈಡ್ ಮನೆಗೆ ಹೋಗಿದ್ದೆ. ತುಂಬ ವಯಸ್ಸಾಗಿದೆ. ಮಗಳು ನನ್ನನ್ನು ಒಳಗೆ ಕೂರಿಸಿ ಹೋದಳು. ಸಿಟ್ಟನ್ನೆಲ್ಲ ಅವರ ಮೇಲೆ ಸುರಿದು ಬರೋಣ ಅಂತ ಹೋಗಿದ್ದೆ. "ಸರ್, ಕಲ್ಲಿನ ಧೂಳಿನ ಮೇಲೆ ಕೆಲಸ ಮಾಡಿದ ನಿಮ್ಮ ವಿದ್ಯಾರ್ಥಿನಿ ನೆನಪಿದಾರಾ?" ಅಂದೆ.

"ಎಷ್ಟೋ ಜನ ಇದ್ರಲ್ಲಮ್ಮ."

"ಅವರ ಪ್ರಬಂಧ ಮೂರು ವರ್ಷ ಒಳಗಿಡು ಅಂತ ನಂಗೆ ಹೇಳಿದ್ರಿ."

"ಹೇಳಿದ್ನೇನೋ. ತಪ್ಪೇ ಅದು. ಮೂರು ವರ್ಷ ಆದ್ಮೇಲೆ ತೆಗೆದ್ರಲ್ಲ?"

"ಇಲ್ಲ ಸರ್."

"ಯಾಕೆ?" ಅಂದರು. ಕುಹಕವಿರಲಿಲ್ಲ, ನಿಜವಾಗಿ ತಿಳಿಯದೆ ಕೇಳಿದರು. ಮೂರು ವರ್ಷ ಅವರದು, ಇಪ್ಪತ್ತು ನನ್ನದು. ಎದ್ದು ಬಂದೆ.

ಅನುದಾನ ಸಂಸ್ಥೆಗೆ ಕಳಿಸುವ ವರದಿಯಲ್ಲಿ ಪ್ರತಿ ಪ್ರಬಂಧದ ಮುಂದೆ 'ತಡವಾದುದಕ್ಕೆ ಕಾರಣ' ಅಂತ ಒಂದು ಕಾಲಂ ಇದೆ. ಎಲ್ಲದಕ್ಕೂ 'ಹಳೆಯ ದಾಖಲೆ' ಅಂತ ತುಂಬಿದ್ದೆವು. ನಿನ್ನದರ ಮುಂದೆ ನಡೆದದ್ದನ್ನು ಬರೆದು, ನನ್ನ ಹೆಸರು, ಹುದ್ದೆ ಹಾಕಿದೆ. ನಿರ್ದೇಶಕರು ನನ್ನನ್ನು ಕರೆಸಿ, "ನಿಮಗೆ ತಲೆ ಕೆಟ್ಟಿದ್ಯಾ? ಅವರು ಕೇಳಿರೋದು ತೆರೆದಿದೀರಾ ಇಲ್ವಾ ಅಂತ. ಯಾಕೆ ಮುಚ್ಚಿದ್ರಿ ಅಂತ ಯಾರು ಕೇಳಿದ್ರು?" ಅಂದರು. ಕಾಲಂ ಕೇಳಿದೆ ಸರ್, ಅಂದೆ. ಬದಲಾಯಿಸಲು ನಾನು ಒಪ್ಪಲಿಲ್ಲ. ವರದಿ ಹಾಗೆಯೇ ಹೋಯಿತು. ವಿಚಾರಣೆ ನಡೆಯುತ್ತಿದೆ. ಸದ್ಯಕ್ಕೆ ನನ್ನನ್ನು ನೆಲಮಾಳಿಗೆಯ ಬೈಂಡಿಂಗ್ ವಿಭಾಗಕ್ಕೆ ಹಾಕಿದ್ದಾರೆ. ಅಂಟು, ದಾರ, ರಟ್ಟು. ಇದನ್ನು ಶಿಕ್ಷೆ ಅನ್ನಲಾರೆ. ಇಲ್ಲಿಗೆ ಬಂದು ಪುಸ್ತಕ ಕೇಳುವವರಿಲ್ಲದಿರುವುದೇ ಒಂದು ಬಿಡುಗಡೆಯಂತಿದೆ, ಹಾಗೆ ಅನ್ನಿಸುವುದಕ್ಕೂ ನಾಚಿಕೆಯಾಗುತ್ತದೆ.

ನಿನ್ನ ಪ್ರಬಂಧ ನವೆಂಬರ್ ಒಂದರಂದು ತೆರೆಯಿತು. ದಾಖಲೆಯ ಸಾಲನ್ನು ತಿದ್ದಿಸಿದ್ದೇನೆ. ಎರಡು ವಾರದಲ್ಲಿ ಅರವತ್ತೊಂದು ಜನ ಓದಿದ್ದಾರೆ. ಎಲ್ಲೆಲ್ಲಿಂದಲೋ. ಶೆಡ್ಡುಗಳ ಬೀದಿಯಿಂದ ಮಾತ್ರ ಒಬ್ಬರೂ ಇಲ್ಲ. ಹೇಗಿರುತ್ತಾರೆ, ಅದು ಇಂಗ್ಲಿಷಿನಲ್ಲಿದೆ. ನಿಯಮದ ಪ್ರಕಾರ ಎಲ್ಲರಿಗೂ ತೆರೆದಾಯಿತು, ಯಾರ ಉಸಿರನ್ನು ಅಳೆದು ಬರೆದೆಯೋ ಅವರಿಗೆ ತಿಳಿಯದು.

ಅದಕ್ಕೇ ನನಗೆ ತಿಳಿದ ಮಟ್ಟಿಗೆ ನಾಲ್ಕು ಪುಟ ನಮ್ಮ ಮಾತಿನಲ್ಲಿ ಬರೆದಿದ್ದೇನೆ. ಬಾಟಲಿ, ನಳಿಗೆ, ಚಕ್ರದ ಚಿತ್ರ ನಾನೇ ಬಿಡಿಸಿದ್ದು, ನಗಬೇಡ. ಇದರ ಜೊತೆ ಇಟ್ಟಿದ್ದೇನೆ. ನೀನು ಒಪ್ಪಿದರೆ ಪ್ರಬಂಧದ ಪಕ್ಕದಲ್ಲಿ ಏರಿಸುತ್ತೇನೆ. ಬೇಡ ಅಂದರೆ ಹರಿದುಹಾಕು, ನನ್ನ ಹತ್ತಿರ ಬೇರೆ ಪ್ರತಿಯಿಲ್ಲ.

ನಿನ್ನ ತಮ್ಮ ಒಂದು ಭಾನುವಾರ ಮಳೆಯಲ್ಲಿ ನೆನೆದು ಬಂದಾಗ ಅವನ ಕೈಲಿದ್ದ ಡಬ್ಬಿಯನ್ನು ನಾನೇ ತೆಗೆದುಕೊಂಡು ನಿನಗೆ ತಂದುಕೊಟ್ಟಿದ್ದೆ. ಜೋಪಾನ ಅಂದಿದ್ದ. ಒಳಗೆ ತಿಂಡಿಯಿದೆ ಅಂದುಕೊಂಡಿದ್ದೆ.

ಮೌನಿ


ಫೆಬ್ರವರಿ ೨

ಮೌನಿ,

ನಾಲ್ಕು ಪುಟದಲ್ಲಿ ಹನ್ನೊಂದು ತಪ್ಪು. ನಳಿಗೆಯನ್ನು ಚಕ್ರದ ಹಿಂದೆ ಬರೆದಿದ್ದೀಯ, ಮುಂದೆ ಬರಬೇಕು. ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಹರಿದುಹಾಕೋಣ ಅಂತ ಎರಡು ಸಲ ಕೈಗೆತ್ತಿಕೊಂಡಿದ್ದೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಬೇಗ ಬರೆಯಲಾಗಲಿಲ್ಲ, ಬರೆಯುವ ಮನಸ್ಸೂ ಇರಲಿಲ್ಲ. ಡಿಸೆಂಬರ್ ರಜೆಯಲ್ಲಿ ತಿದ್ದಿದ ಪುಟಗಳನ್ನು ಶಾಲೆಯ ಯಂತ್ರದಲ್ಲಿ ಐವತ್ತು ಪ್ರತಿ ತೆಗೆಸಿಕೊಂಡು ಶೆಡ್ಡುಗಳ ಬೀದಿಗೆ ಹೋದೆ. ಅವನು ಹೋದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಅದೇ ಸದ್ದು. ಮರದ ಎಲೆಗಳೂ ಹಾಗೇ ಬೆಳ್ಳಗೆ. ಮೂರನೇ ಶೆಡ್ಡಿನಲ್ಲಿ ಈಗ ಹೆಂಗಸರೂ ಕೆಲಸ ಮಾಡುತ್ತಾರೆ. ಮಾಲೀಕರು ಬದಲಾಗಿದ್ದಾರೆ, ಚಕ್ರಗಳು ಬದಲಾಗಿವೆ, ನೀರು ಮಾತ್ರ ಇಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಒಂಬತ್ತು ಜನ ಕೂತರು. ಓದಿ ಹೇಳಿದೆ. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದ ಒಬ್ಬಳು ಇಡೀ ಹೊತ್ತು ಚಿತ್ರವನ್ನೇ ನೋಡುತ್ತಿದ್ದಳು. "ಮೇಡಂ, ಇದು ಈಗ ಕಂಡುಹಿಡಿದಿದ್ದಾ?" ಅಂತ ಕೇಳಿದಳು.

ಅಲ್ಲಮ್ಮ, ಇಪ್ಪತ್ಮೂರು ವರ್ಷ ಆಯ್ತು, ಅಂದೆ.

ಅವಳು ಬೆರಳಲ್ಲಿ ಏನೋ ಎಣಿಸಿದಳು. ಅವಳ ಮನೆಯಲ್ಲಿ ಯಾರು ಯಾವ ವರ್ಷ ಹೋದರು ಅಂತ ಎಣಿಸುತ್ತಿದ್ದಳು ಅಂತ ಆಮೇಲೆ ಹೊಳೆಯಿತು. "ಮತ್ತೆ ಯಾರೂ ಯಾಕೆ ಹೇಳಿಲ್ಲ?" ಅಂದಳು.

ಗೈಡ್ ಹೆಸರು ಹೇಳಬಹುದಿತ್ತು. ನಿನ್ನ ಹೆಸರು ಹೇಳಬಹುದಿತ್ತು. ಎರಡೂ ನಾಲಿಗೆ ತುದಿಗೆ ಬಂದಿದ್ದವು. "ಹೇಳಬೇಕಾಗಿದ್ದೋರು ಇಬ್ಬರಿದ್ವಿ. ಇಬ್ಬರೂ ಹೇಳಲಿಲ್ಲ," ಅಂದೆ. ಅವಳು ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಬಯ್ಯಲಿಲ್ಲ. ಪುಟಗಳನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಚಕ್ರದ ಹತ್ತಿರ ಹೋದಳು.

ಈಗ ಎರಡು ಚಕ್ರಕ್ಕೆ ಬಾಟಲಿ ಕಟ್ಟಿದ್ದಾರೆ. ಮಾಲೀಕರು ಗೊಣಗುತ್ತಿದ್ದಾರೆ. ಕಿತ್ತು ಹಾಕಿಸಿದರೂ ಹಾಕಿಸಬಹುದು. ಈ ಸಲ, ಬೇಕೇ ಬೇಕು ಅಂತ ಹೇಳಿದ್ದೇನೆ.

ಇದರ ಜೊತೆಗಿರುವ ತಿದ್ದಿದ ನಾಲ್ಕು ಪುಟಗಳನ್ನು ಪ್ರಬಂಧದ ಪಕ್ಕದಲ್ಲಿ ಏರಿಸು. ಬರೆದವರು ಅನ್ನುವಲ್ಲಿ ಮೊದಲು ನನ್ನ ತಮ್ಮನ ಹೆಸರಿರಲಿ, ಆಮೇಲೆ ನನ್ನದು. ನಿನ್ನದು ಬೇಡ.

ನಾನು ಕ್ಷಮಿಸಿದ್ದೇನೆ ಅಂತ ತಿಳಿಯಬೇಡ. ಕೆಲವು ದಿನ ಬೆಳಗ್ಗೆ ಏಳುವಾಗಲೇ ನಿನ್ನ ಮೇಲೆ ಸಿಟ್ಟು ಉಕ್ಕುತ್ತದೆ. ಕೆಲವು ದಿನ ನನ್ನ ಮೇಲೆ. ಯಾವ ದಿನ ಯಾರ ಸರದಿ ಅಂತ ಗೊತ್ತಾಗುವುದಿಲ್ಲ.

ಇನ್ನೂ ಐದು ಶೆಡ್ ಉಳಿದಿವೆ. ಅಲ್ಲಿ ಹಲವರಿಗೆ ಓದು ಬರುವುದಿಲ್ಲ, ಕೂತು ಓದಿ ಹೇಳಬೇಕು. ನನಗೆ ಶಾಲೆ ಇರುವುದರಿಂದ ಶನಿವಾರ ಮಧ್ಯಾಹ್ನ ಮಾತ್ರ ಬಿಡುವು, ಒಬ್ಬಳ ಕೈಲಿ ಆಗುವುದಿಲ್ಲ. ನೀನು ಬಾ. ಅವರು ಯಾಕೆ ಹೇಳಿಲ್ಲ ಅಂತ ಕೇಳುತ್ತಾರೆ, ಎಲ್ಲ ಕಡೆಯೂ ಕೇಳುತ್ತಾರೆ. ನಿನ್ನ ಪಾಲಿನ ಉತ್ತರವನ್ನು ನಾನು ಹೇಳುವುದಿಲ್ಲ.

ಮನೆಗೆ ಕರೆಯುತ್ತಿಲ್ಲ. ಬಸ್ ನಿಲ್ದಾಣದ ಎದುರು ಒಂದು ವಸತಿಗೃಹವಿದೆ, ಕೋಣೆ ಚೊಕ್ಕಟವಾಗಿರುತ್ತದೆ. ಹತ್ತೂವರೆಯ ಬಸ್ಸಿಗೆ ಬಂದರೆ ಬಿಡುವಿನ ಹೊತ್ತಿಗೆ ಸರಿಯಾಗುತ್ತದೆ. ಮೂಗಿಗೆ ಕಟ್ಟಿಕೊಳ್ಳಲು ಒದ್ದೆ ಬಟ್ಟೆ ತಾ.

ಧೂಳಕ್ಕ